ನಡೆಯುವ ನಾಣ್ಯ, ನಡೆಯದ ನಾಣ್ಯ

ಹುಲಿಗಿಯಲ್ಲಿ ಹುಣ್ಣಿಮೆಯ ದಿನ ತುಂಗಭದ್ರೆಯ ದಂಡೆಯ ಮೇಲೆ ಅರ್ಧ ಗಂಟೆ ನಿಂತರೆ ಸಾಕು, ಹಣವು ಎಷ್ಟು ವೇಷಗಳಲ್ಲಿ ಊರಿಂದೂರಿಗೆ ಸಂಚರಿಸುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಸ್ನಾನಕ್ಕೆ ಇಳಿಯುವ ಹೆಂಗಸು ಸೆರಗಿನ ತುದಿಯ ಗಂಟನ್ನು ಬಿಚ್ಚಿ ದಂಡೆಯಲ್ಲಿ ಕುಳಿತ ಮಗಳ ಕೈಗಿಡುತ್ತಾಳೆ. ಮುದುಕರು ಒಳಂಗಿಯ ಕಿಸೆಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಾರೆ. ಬಳೆಯಂಗಡಿಯ ಕಂಬಕ್ಕೆ ಕ್ಯೂಆರ್ ಚೀಟಿ ತೂಗುಬಿದ್ದಿದೆ. ಗುಡಿಯೊಳಗೆ ಕಾಣಿಕೆಯ ಹುಂಡಿ. ಇವೆಲ್ಲಕ್ಕಿಂತ ವಿಶಿಷ್ಟವಾದುದು ಅರಿಸಿನ ಬಟ್ಟೆಯಲ್ಲಿ ಕಟ್ಟಿತಂದ ಮುಡಿಪು. ಮನೆಯಲ್ಲಿ ಎಷ್ಟೇ ಅಡಚಣೆ ಬಂದರೂ ಅದನ್ನು ಬಿಚ್ಚುವಂತಿಲ್ಲ, ಅದು ಮೀಸಲು.

ಈಚಿನ ಒಂದು ಹುಣ್ಣಿಮೆಯಂದು ಅಲ್ಲಿ ನನಗೆ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಜೊತೆಯಲ್ಲಿ ತಾಯಿಯಿದ್ದರು. ಹುಡುಗ ಹೆಚ್ಚಿನ ಓದಿಗಾಗಿ ಜರ್ಮನಿಗೆ ಹೊರಟಿದ್ದ. ಎಡದಂಡೆ ಕಾಲುವೆಯ ಕೆಳಗಿನ ಎರಡೆಕರೆ ಭತ್ತದ ಗದ್ದೆಯನ್ನು ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟಿದ್ದರು. ಆ ತಾಯಿ ದೇವಿಯ ದರ್ಶನ ಮುಗಿಸಿ ಬಂದವರೇ ನನ್ನನ್ನು ಕೇಳಿದ ಮಾತು ಇದು: “ಸರ, ಇಂವ ಹೊಳಿ ದಾಟಿ ಹೊಸಪೇಟಿಗೆ ಹೋಗೂವಾಗೂ ರೊಕ್ಕ ಕಿಸೆದಾಗ ಇಟ್ಟು ಪಿನ್ನ ಹಚ್ಚಿ ಕಳಸ್ತಿದ್ದೆ. ಈಗ ಸಮುದ್ರ ದಾಟಿ ಹೊಂಟಾನ. ಅಷ್ಟು ರೊಕ್ಕ ಹ್ಯಾಂಗ ಒಯ್ಬೇಕ್ರಿ?”

ನಾನು ಕನ್ನಡದ ಮೇಷ್ಟ್ರು. ವಿದೇಶಿ ವಿನಿಮಯದ ವಿದ್ಯೆ ನನ್ನದಲ್ಲ. ಬ್ಯಾಂಕಿನಲ್ಲಿ ಕೇಳಿ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಆ ಪ್ರಶ್ನೆ ಕೇಳಿಬಂದ ಜಾಗ ಸಾಮಾನ್ಯವಾದುದಲ್ಲ. ಇದೇ ಹೊಳೆಯ ಆಚೆ ದಡದಲ್ಲಿ, ಹೊಸಪೇಟೆಯನ್ನು ದಾಟಿದರೆ ಹಂಪೆ. ಕಡಲು ದಾಟಿ ಬಂದವರು ತಮ್ಮ ಹಣದ ಚಿಂತೆಯನ್ನು ಬರೆದಿಟ್ಟುಹೋದ ಊರು ಅದು. ಅಂಥ ಇಬ್ಬರ ಕಥೆ ಆ ತಾಯಿಯ ಪ್ರಶ್ನೆಗೆ ಬಹಳ ಹತ್ತಿರದ್ದೆಂದು ನನಗೆ ಆಗಲೇ ಹೊಳೆಯಿತು. ಇಬ್ಬರಿಗೂ ನಡುವೆ 124 ವರ್ಷಗಳ ಅಂತರ.

ಮೊದಲನೆಯವನು ಅಬ್ದುರ್ ರಜಾಕ್. ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಹೊರಟು, ಹೊರ್ಮುಜಿನಲ್ಲಿ ಹಡಗು ಹತ್ತಿ ಕಲ್ಲಿಕೋಟೆಗೆ ಬಂದಿಳಿದ. ಕಲ್ಲಿಕೋಟೆ ಅವನಿಗೆ ಹಿಡಿಸಲಿಲ್ಲ. ಆದರೂ ಅಲ್ಲಿನ ಒಂದು ಏರ್ಪಾಟನ್ನು ಮೆಚ್ಚಿ ಬರೆದಿದ್ದಾನೆ. ಪರದೇಶದ ವರ್ತಕರು ಸರಕನ್ನು ಹಡಗಿನಿಂದ ಇಳಿಸಿ ಬಜಾರಿನಲ್ಲಿ ಬಿಟ್ಟುಹೋಗುತ್ತಾರೆ, ಲೆಕ್ಕ ನೋಡುವ ಗೋಜಿಗೂ ಹೋಗುವುದಿಲ್ಲ. ಸುಂಕದ ಅಧಿಕಾರಿಗಳೇ ಹಗಲಿರುಳು ಕಾಯುತ್ತಾರೆ, ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರದಿದ್ದರೆ ಏನೂ ಇಲ್ಲ. ಅಲ್ಲಿಂದ ಮಂಗಳೂರಿನ ಮೇಲೆ ಹಾದು 1443ರಲ್ಲಿ ವಿಜಯನಗರಕ್ಕೆ ಬಂದ. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ.

ಆ ಊರಿನಲ್ಲಿ ರಜಾಕನಿಗೆ ಹಣದ ಚಿಂತೆಯೇ ಇರಲಿಲ್ಲ. ದಿನವೂ ಅವನ ಬಿಡಾರಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ಎರಡು ಚಿನ್ನದ ವರಹ ಬರುತ್ತಿದ್ದವು. ವಾರಕ್ಕೆರಡು ಬಾರಿ ಅರಸನ ಭೇಟಿ; ಪ್ರತಿ ಭೇಟಿಯಲ್ಲೂ ವೀಳ್ಯ, ಕರ್ಪೂರ, 500 ಪಣಗಳಿದ್ದ ಒಂದು ಥೈಲಿ. ಊರಿನ ನಾಣ್ಯವ್ಯವಸ್ಥೆಯನ್ನು ಅವನು ಅರ್ಥಶಾಸ್ತ್ರದ ವಿದ್ಯಾರ್ಥಿಯಂತೆ ಟಿಪ್ಪಣಿ ಮಾಡಿಕೊಂಡಿದ್ದಾನೆ: ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಪಣ, ಪಣದ ಆರರಲ್ಲೊಂದು ಬೆಳ್ಳಿಯ ತಾರ, ತಾರದ ಮೂರರಲ್ಲೊಂದು ತಾಮ್ರದ ಜಿತಲ್. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಟಂಕಸಾಲೆಯಿಂದಲೇ ಸಂಬಳ. ಯಾರ ಸಂಬಳವನ್ನೂ ಪ್ರಾಂತಗಳ ಕಂದಾಯದ ಮೇಲೆ ಬರೆದುಕೊಡುವ ಪದ್ಧತಿಯಿರಲಿಲ್ಲ. ಚಿನ್ನದ ವರಹ ಸುಮಾರು 3.4 ಗ್ರಾಂ ತೂಗುತ್ತಿದ್ದ ಸಣ್ಣ ಗುಂಡು. ಪಣವಂತೂ ಮೆಣಸಿನ ಬೇಳೆಯಷ್ಟು. ಕೈಜಾರಿದರೆ ನೆಲದಲ್ಲಿ ಹುಡುಕಿ ತೆಗೆಯುವುದು ಕಷ್ಟ.

ಆದರೆ ಈ ಸುಖಕ್ಕೆ ಒಂದು ಬಿರುಕಿತ್ತು. ರಜಾಕನಿಗೆ ಆಗದ ಹೊರ್ಮುಜಿನ ಕೆಲವರು, ಇವನು ಶಾರುಖನ ನಿಜವಾದ ರಾಯಭಾರಿಯೇ ಅಲ್ಲ ಎಂಬ ಗುಲ್ಲು ಹಬ್ಬಿಸಿದರು. ಅದೇ ಹೊತ್ತಿಗೆ ಇವನನ್ನು ಆದರಿಸುತ್ತಿದ್ದ ದಣ್ಣಾಯಕ ಕಲಬುರಗಿಯ ಕಡೆ ದಂಡೆತ್ತಿ ಹೋಗಿದ್ದ. ಅವನ ಸ್ಥಾನದಲ್ಲಿ ಕುಳಿತವನು ದಿನದ ಪಡಿಯನ್ನು ನಿಲ್ಲಿಸಿಬಿಟ್ಟ. ನಿನ್ನೆಯವರೆಗೆ ಥೈಲಿ ಬರುತ್ತಿದ್ದ ಬಿಡಾರಕ್ಕೆ ಇಂದು ಅಕ್ಕಿಯೂ ಇಲ್ಲ. ದಣ್ಣಾಯಕ ಹಿಂದಿರುಗಿದ ಮೇಲೆ ಟಂಕಸಾಲೆಯ ಮೇಲೆ ಚೀಟಿ ಬರೆಸಿ ಹಣ ಕೊಡಿಸಿದ. ಕಳ್ಳನೂ ಬರಲಿಲ್ಲ, ಚೀಲವೂ ಹರಿಯಲಿಲ್ಲ. ‘ಈತ ಯಾರು’ ಎಂಬ ಪ್ರಶ್ನೆ ಎದ್ದ ಕೂಡಲೇ ಹಣ ನಿಂತುಹೋಯಿತು.

ಎರಡನೆಯವನು ವೆನಿಸ್ಸಿನ ವರ್ತಕ ಚೆಸಾರೆ ಫೆಡೆರಿಚಿ. ಅವನು ಬಂದದ್ದು 1567ರಲ್ಲಿ, ತಾಳಿಕೋಟೆಯ ಯುದ್ಧ ನಡೆದ ಎರಡು ವರ್ಷಕ್ಕೆ. ಮನೆಗಳು ನಿಂತೇ ಇದ್ದವು, ಒಳಗೆ ಜನರಿರಲಿಲ್ಲ. ಹುಲಿ ಮೊದಲಾದ ಕಾಡುಮೃಗಗಳು ಸೇರಿಕೊಂಡಿದ್ದವು ಎಂದು ಬರೆಯುತ್ತಾನೆ. ಒಂದು ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಅವನು ಆ ಊರಿನಲ್ಲಿ ಏಳು ತಿಂಗಳು ಕುಳಿತ. ಕಾರಣ ಒಂದೇ, ದಾರಿಗಳ ತುಂಬ ಕಳ್ಳರು. ಕೈಯಲ್ಲಿ ಹಣವಿದ್ದೂ ಹೊರಡಲಾಗದ ಆ ಏಳು ತಿಂಗಳನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಅವನು ದಾಖಲಿಸಿರುವ ಇನ್ನೆರಡು ಸಂಗತಿಗಳು ಇಲ್ಲಿ ಮುಖ್ಯ. ಅಳಿದುಳಿದ ರಾಜ್ಯವನ್ನು ಕೂಡಿಸಿಕೊಳ್ಳಲು ಹೆಣಗುತ್ತಿದ್ದ ತಿರುಮಲರಾಯನಿಗೆ ಕುದುರೆಗಳು ಬೇಕಿದ್ದವು. ಕುದುರೆ ತಂದ ವರ್ತಕರಿಗೆ ಮೊದಮೊದಲು ಒಳ್ಳೆಯ ಮಾತು, ಒಳ್ಳೆಯ ಬೆಲೆಯ ಭರವಸೆ ದೊರೆಯಿತು. ಅದನ್ನು ನಂಬಿ ಮತ್ತಷ್ಟು ಜನ ತಂದರು. ಕುದುರೆಗಳು ಸಾಕಷ್ಟು ಕೂಡಿದ ಮೇಲೆ ರಾಯ ಒಂದು ಕಾಸೂ ಕೊಡದೆ ಎಲ್ಲರನ್ನೂ ಅಟ್ಟಿದ. ಆ ವರ್ತಕರು ಹುಚ್ಚರಂತಾದರೆಂದು ಫೆಡೆರಿಚಿ ಹೇಳುತ್ತಾನೆ. ತಿರುಮಲರಾಯನ ಪರವಾಗಿಯೂ ಒಂದು ಮಾತು ಹೇಳಬೇಕು: ಬರಿದಾದ ಬೊಕ್ಕಸದ ದೊರೆ ಅವನು, ಕೊಡಲು ಅವನ ಬಳಿ ಇದ್ದಿತೋ ಇಲ್ಲವೋ. ಆದರೆ ವರ್ತಕನಿಗೆ ಅದರಿಂದೇನು ಸಮಾಧಾನ?

ಎರಡನೆಯ ಸಂಗತಿ ಹಿಂದಿರುಗುವ ದಾರಿಯದು. ಕಡೆಗೂ ಗೋವೆಯತ್ತ ಹೊರಟಾಗ ಅವನಿಗೊಂದು ಹೊಸ ಪೀಡೆ ಎದುರಾಯಿತು. ದಾರಿಯ ಒಂದೊಂದು ಊರಿಗೂ ಒಬ್ಬೊಬ್ಬ ಅಧಿಕಾರಿ. ಎಲ್ಲರೂ ಹೆಸರಿಗೆ ವಿಜಯನಗರದ ಅಧೀನರು, ಆದರೆ ಪ್ರತಿಯೊಬ್ಬನೂ ತನ್ನದೇ ತಾಮ್ರದ ಕಾಸು ಅಚ್ಚುಹಾಕುತ್ತಿದ್ದ. ಇಂದು ಪಡೆದ ಚಿಲ್ಲರೆ ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ. ಹಾಗೆಯೇ ಅಂಕೋಲೆಯನ್ನು ಮುಟ್ಟಿದ.

ನಮ್ಮ ನುಡಿಯಲ್ಲಿ ನಾಣ್ಯ ‘ನಡೆಯುತ್ತದೆ’ ಎನ್ನುತ್ತೇವೆ. ಮನುಷ್ಯ ಎಷ್ಟು ದೂರ ನಡೆದರೂ ಅವನ ನಾಣ್ಯ ಅಷ್ಟು ದೂರ ನಡೆಯಬೇಕೆಂದಿಲ್ಲ. ನಮ್ಮ ಶಾಸನಗಳನ್ನು ಬರೆಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ದತ್ತಿಯ ಮೊತ್ತವನ್ನು ಬರೆಸುವಾಗ ಬರಿದೇ ಗದ್ಯಾಣ ಎನ್ನದೆ ಎಷ್ಟೋ ಕಡೆ ‘ಲೊಕ್ಕಿ ಗದ್ಯಾಣ’ ಎಂದು ಬಿಡಿಸಿ ಹೇಳುತ್ತಾರೆ. ಲೊಕ್ಕಿಯೆಂದರೆ ಲೊಕ್ಕಿಗುಂಡಿ, ಅತ್ತಿಮಬ್ಬೆ ಬಸದಿ ಕಟ್ಟಿಸಿದ ಇಂದಿನ ಲಕ್ಕುಂಡಿ; ಹುಲಿಗಿಯಿಂದ ಕೊಪ್ಪಳ ದಾಟಿ ಗದಗಿನ ದಾರಿ ಹಿಡಿದರೆ ಸಿಗುವ ಊರು. ಅಲ್ಲಿನ ಟಂಕಸಾಲೆಯ ಅಚ್ಚಿದ್ದರೆ ದೂರದ ಊರಿನವನೂ ಒರೆಗೆ ಹಚ್ಚದೆ ತೆಗೆದುಕೊಳ್ಳುತ್ತಿದ್ದನೆಂಬ ವಿಶ್ವಾಸ ಆ ಎರಡಕ್ಷರದಲ್ಲಿದೆ. ನಾಣ್ಯದ ಚಿನ್ನಕ್ಕಿಂತ ಊರಿನ ಹೆಸರು ಮುಂದೆ ನಿಲ್ಲುತ್ತದೆ.

ಅಯ್ಯಾವೊಳೆಯ ಐನೂರ್ವರು ಈ ತೊಡಕಿಗೆ ಬೇರೊಂದು ದಾರಿ ಕಂಡಿದ್ದರು. ಬಳ್ಳಿಗಾವೆಯ ಪ್ರಸಿದ್ಧ ಶಾಸನವೊಂದು ಚೇರ, ಚೋಳ, ಪಾಂಡ್ಯದಿಂದ ನೇಪಾಳದವರೆಗೆ ಅವರು ತಿರುಗಿದ ನಾಡುಗಳನ್ನೂ, ಹೊತ್ತು ಮಾರಿದ ಸರಕುಗಳನ್ನೂ ಪಟ್ಟಿ ಮಾಡುತ್ತದೆ: ಮುತ್ತು, ಮಾಣಿಕ್ಯ, ವಜ್ರ, ವೈಡೂರ್ಯ, ಏಲಕ್ಕಿ, ಲವಂಗ, ಕಸ್ತೂರಿ, ಕರ್ಪೂರ. ಪಟ್ಟಿಯ ಬಹುಪಾಲು ವಸ್ತುಗಳು ಹಗುರ, ಬೆಲೆ ಹೆಚ್ಚು, ಯಾವ ದೊರೆಯ ಅಚ್ಚೂ ಬೇಡ. ನಾಣ್ಯ ನಡೆಯದ ಕಡೆಯಲ್ಲೂ ಕಸ್ತೂರಿ ನಡೆಯುತ್ತದೆ. ಆದರೆ ಅದಕ್ಕೆ ಕಾವಲು ಬೇಕು. ಕಳ್ಳರೊಡನೆ ಕಾದಿ ಸತ್ತವರ ವೀರಗಲ್ಲುಗಳು ನಮ್ಮ ನಾಡಿನಲ್ಲಿ ಎಷ್ಟಿವೆ ಎಂಬುದನ್ನು ಶಾಸನ ಓದುವವರು ಬಲ್ಲರು.

ಇಲ್ಲಿ ಒಂದು ಅಡ್ಡಮಾತು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಒಂದು ಲೆಕ್ಕವಿದೆ. ಮೂವರು ವರ್ತಕರು ದಾರಿಯಲ್ಲಿ ಬಿದ್ದಿದ್ದ ಹಣದ ಚೀಲವೊಂದನ್ನು ಕಂಡರು. ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಎರಡರಷ್ಟು ಸಿರಿವಂತನಾಗುವೆ ಎಂದ ಮೊದಲನೆಯವನು. ಮೂರರಷ್ಟು ಎಂದ ಎರಡನೆಯವನು. ಐದರಷ್ಟು ಎಂದ ಮೂರನೆಯವನು. ಚೀಲದಲ್ಲಿ ಎಷ್ಟಿತ್ತು? ಉತ್ತರ 15; ಮೂವರ ಕೈಯಲ್ಲಿದ್ದದ್ದು 1, 3, 5. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ನನಗೆ ಬರುವ ಯೋಚನೆ ಬೇರೆ: ಆ ಚೀಲ ಬೀಳಿಸಿಕೊಂಡವನು ಯಾರು? ಮುಂದಿನ ಊರಿನಲ್ಲಿ ನಡು ಮುಟ್ಟಿ ನೋಡಿಕೊಂಡಾಗ ಅವನ ಗತಿ ಏನಾಗಿರಬೇಕು? ಆಚಾರ್ಯರಿಗೆ ಆ ಪ್ರಶ್ನೆ ಬೇಕಿರಲಿಲ್ಲ.

ಬೀಳಿಸಿಕೊಂಡವನೊಬ್ಬನ ಹೆಸರು ನಮಗೆ ಗೊತ್ತು. ಜೈನಕವಿ, ವ್ಯಾಪಾರಿ ಬನಾರಸೀದಾಸ 1641ರಲ್ಲಿ ಬರೆದ ಆತ್ಮಕಥನ ‘ಅರ್ಧಕಥಾನಕ’ದಲ್ಲಿ ತನ್ನ ಪೆದ್ದುತನವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ತಂದೆ ಕೊಟ್ಟ ಬಂಡವಾಳದೊಡನೆ ಜೌನಪುರದಿಂದ ಆಗ್ರಾಕ್ಕೆ ಹೋದ. ರತ್ನಗಳನ್ನು ಇಜಾರದ ಲಾಡಿಗೆ ಗಂಟುಕಟ್ಟಿಕೊಂಡಿದ್ದ, ಅವು ಎಲ್ಲೋ ಜಾರಿಹೋದವು. ಬಟ್ಟೆಯಲ್ಲಿ ಕಟ್ಟಿಟ್ಟಿದ್ದನ್ನು ಇಲಿ ಎಳೆದೊಯ್ದಿತು. ಇನ್ನೊಂದು ಪಯಣದಲ್ಲಿ ದಾರಿ ತಪ್ಪಿ ಕಳ್ಳರ ಹಳ್ಳಿಗೇ ಹೋಗಿ ನಿಂತಾಗ ಮಾತ್ರ ಬುದ್ಧಿ ಓಡಿತು. ಸಂಸ್ಕೃತ ಶ್ಲೋಕವೊಂದನ್ನು ಹೇಳಿ, ನೂಲು ಹೊಸೆದು ಜನಿವಾರ ಹಾಕಿಕೊಂಡು, ಬ್ರಾಹ್ಮಣರೆಂದು ನಟಿಸಿ ಜೀವ ಉಳಿಸಿಕೊಂಡರು. ಗಂಟು ಮಾಡಿದ್ದಕ್ಕಿಂತ ಶ್ಲೋಕ ಕೆಲಸಕ್ಕೆ ಬಂತು.

ಬಚ್ಚಿಡುವ ಕಲೆಯಲ್ಲಿ ಗೆದ್ದವನ ಚಿತ್ರವೂ ಒಂದಿದೆ. ಅದೇ 17ನೇ ಶತಮಾನದಲ್ಲಿ ಫ್ರಾನ್ಸಿನ ವಜ್ರವ್ಯಾಪಾರಿ ತಾವೆರ್ನಿಯೆ, ವಿಜಯಪುರದ ಆದಿಲಶಾಹಿಗೆ ಸೇರಿದ್ದ ರಾವಲಕೊಂಡದ ಗಣಿಗೆ ಬಂದಿದ್ದ. ಅದನ್ನು ಕರ್ನೂಲಿನ ಬಳಿಯ ರಾಮಳ್ಳಕೋಟೆಯೆಂದು ಗುರುತಿಸುತ್ತಾರೆ. ಒಂದು ಸಂಜೆ ಬಡಬಡವಾಗಿ ಉಟ್ಟಿದ್ದ ವಾಣಿಯನೊಬ್ಬ ಬಂದು ಪಕ್ಕದಲ್ಲಿ ಕುಳಿತ. ನಡುಕಟ್ಟಿನಿಂದ ಬಟ್ಟೆಯ ಗಂಟು ತೆಗೆದು ಸಣ್ಣಪುಟ್ಟ ಕೆಂಪಿನ ಉಂಗುರಗಳನ್ನು ತೋರಿಸಿದ. ತಾವೆರ್ನಿಯೆ ಅವುಗಳಲ್ಲಿ ಒಂದನ್ನು ಕೊಂಡ, ಬೆಲೆಗಿಂತ ತುಸು ಹೆಚ್ಚೇ ಕೊಟ್ಟ. ಆಳುಗಳು ಹೊರಗೆ ಹೋದ ಮೇಲೆ ವಾಣಿಯ ತಲೆಯ ವಸ್ತ್ರ ತೆಗೆದು, ಸುತ್ತಿಕಟ್ಟಿದ್ದ ಕೂದಲನ್ನು ಬಿಚ್ಚಿದ. ಅದರೊಳಗಿನ ಚಿಂದಿಬಟ್ಟೆಯಲ್ಲಿ ನಲವತ್ತೆಂಟೂವರೆ ಕ್ಯಾರಟ್ಟಿನ ವಜ್ರವಿತ್ತು. ನಡುಕಟ್ಟಿನ ಉಂಗುರಗಳು ಕಳ್ಳನಿಗಾಗಿ, ಕೂದಲಿನ ವಜ್ರ ಗಿರಾಕಿಗಾಗಿ. ನನಗೆ ಇದಕ್ಕಿಂತ ಬೆರಗೆನಿಸುವುದು ಮುಂದಿನ ಮಾತು. ಬೆಳಗಿನವರೆಗೆ ನಿಮ್ಮಲ್ಲೇ ಇರಲಿ, ನಿಧಾನವಾಗಿ ನೋಡಿ ಎಂದು ಹೇಳಿ, ಅವನು ವಜ್ರವನ್ನು ಪರದೇಶಿಯ ಕೈಯಲ್ಲಿ ಬಿಟ್ಟು ಹೊರಟುಹೋದ. ಉಂಗುರದ ವ್ಯಾಪಾರದಲ್ಲಿ ಅವನು ಅಳೆದದ್ದು ಬೆಲೆಯನ್ನಲ್ಲ, ಮನುಷ್ಯನನ್ನು.

ಆ ಅಳತೆಯನ್ನೇ ಕಾಗದಕ್ಕೆ ಇಳಿಸಿದರೆ ಅದು ಹುಂಡಿ. ಗುಡಿಯ ಪೆಟ್ಟಿಗೆಗೂ ವರ್ತಕನ ಚೀಟಿಗೂ ಒಂದೇ ಹೆಸರು ಹೇಗೆ ಬಂತೆಂಬುದನ್ನು ನಿಘಂಟುಕಾರರಿಗೆ ಬಿಡೋಣ. ಇಲ್ಲಿನ ಸಾಹುಕಾರನಲ್ಲಿ ಹಣ ಕಟ್ಟಿ, ಅಲ್ಲಿನ ಅವನ ಪೇಢಿಯಲ್ಲಿ ಪಡೆಯುವ ಬರೆಹ ಅದು. ತೋರಿಸಿದೊಡನೆ ಹಣ ಕೊಡುವುದು ದರ್ಶನಿ ಹುಂಡಿ, ಗಡುವಿನ ಮೇಲೆ ಕೊಡುವುದು ಮುದ್ದತಿ ಹುಂಡಿ. ಸರಕು ಸುಖವಾಗಿ ತಲುಪಿದರೆ ಮಾತ್ರ ಕೊಡಬೇಕಾದದ್ದು ಜೋಖಮಿ ಹುಂಡಿ. ಮೊತ್ತವನ್ನು ಬರೆದು, ಅದರ ಅರ್ಧ ಇಷ್ಟು, ಆ ಅರ್ಧದ ಇಮ್ಮಡಿ ಇಷ್ಟು ಎಂದೂ ಬರೆಯುತ್ತಿದ್ದರು. ಯಾರೂ ಒಂದು ಸೊನ್ನೆ ಸೇರಿಸಬಾರದು. ಕಳೆದುಹೋದರೆ ‘ಪೇಠ’ ಎಂಬ ಎರಡನೆಯ ಪ್ರತಿ, ಅದೂ ಹೋದರೆ ‘ಪರಪೇಠ’. ಎಲ್ಲಕ್ಕಿಂತ ಜಾಣತನದ್ದು ಶಾಹಜೋಗ ಹುಂಡಿ. ಪೇಟೆಯಲ್ಲಿ ಗೌರವಸ್ಥನೆಂದು ಹೆಸರಾದ ‘ಶಾಹ’ನಿಗೆ ಮಾತ್ರ ಅದರ ಹಣ ಕೊಡಬೇಕು. ಕದ್ದವನು ಅದನ್ನು ಹಿಡಿದು ಪೇಢಿಗೆ ಹೋದರೆ, ನೀನು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ರಜಾಕನ ಅನ್ನ ಕಿತ್ತುಕೊಂಡ ಅದೇ ಪ್ರಶ್ನೆ ಇಲ್ಲಿ ಕಾವಲುಗಾರ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯೂ ದೇಶಭಾಷೆಯ ಹುಂಡಿಗಳ ರೂಢಿಯನ್ನು ಮುಟ್ಟದೆ ಬಿಟ್ಟಿತು. ಇಂದು ಹವಾಲಾ ಎಂಬ ಹೆಸರಿನಲ್ಲಿ ಗಡಿ ದಾಟುವ ವ್ಯವಹಾರ ಇದರ ಅಡ್ಡಕಸುಬಿ ದಾಯಾದಿ; ಅದು ಕಾನೂನುಬಾಹಿರ, ದುಡ್ಡು ಮುಳುಗಿದರೆ ದೂರು ಕೊಡಲೂ ಬಾಯಿಲ್ಲ. ಇದನ್ನು ಆ ಹುಡುಗನಿಗೆ ಒತ್ತಿ ಹೇಳಿದೆ. ಅಗ್ಗದ ದರದಲ್ಲಿ ಕಳಿಸಿಕೊಡುತ್ತೇವೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ.

ನಾವು ಈ ಹಳೆಯ ಕಥೆಗಳನ್ನು ದಾಟಿಬಂದಿದ್ದೇವೆಂದು ತಿಳಿಯುವಂತಿಲ್ಲ. 1960–70ರ ದಶಕಗಳಲ್ಲಿ ಅಮೆರಿಕಕ್ಕೆ ಹೋದ ಕನ್ನಡಿಗರು ಕಿಸೆಯಲ್ಲಿ ಎಂಟು ಡಾಲರ್ ಇಟ್ಟುಕೊಂಡು ಇಳಿದದ್ದನ್ನು ಇಂದಿಗೂ ನೆನೆಯುತ್ತಾರೆ; ವಿದೇಶಿ ವಿನಿಮಯದ ಕಟ್ಟುಪಾಡು ಹಾಗಿತ್ತು. 2016ರ ನವೆಂಬರ್ 8ರ ರಾತ್ರಿ ನಮ್ಮ 500, 1000ದ ನೋಟುಗಳು ನಡೆಯದಾದಾಗ, ನೇಪಾಳದ ಮನೆಗಳಲ್ಲೂ ಬ್ಯಾಂಕುಗಳಲ್ಲೂ ಇದ್ದ ಅದೇ ನೋಟುಗಳು ಅಲ್ಲಿಯೇ ಉಳಿದುಬಿಟ್ಟವು. 2018ರ ಡಿಸೆಂಬರಿನಲ್ಲಿ ನೇಪಾಳ ನಮ್ಮ 200, 500, 2000ದ ಹೊಸ ನೋಟುಗಳನ್ನು ನಿಷೇಧಿಸಿತು. ಪಶುಪತಿನಾಥನಿಗೆ ಹೊರಟ ನಮ್ಮ ಕಡೆಯ ಯಾತ್ರಿಕರು ನೂರರ ನೋಟಿನ ಕಟ್ಟುಗಳಿಗಾಗಿ ಅಲೆಯಬೇಕಾಯಿತು. ಫೆಡೆರಿಚಿಯ ತಾಮ್ರದ ಕಾಸೇ ಕಾಗದವಾಗಿ ಬಂದಂತೆ.

ಹುಡುಗ ಜರ್ಮನಿಗೆ ಒಯ್ಯಬೇಕಾದ ಹಣದ ಬಗೆಯನ್ನು ಕೇಳಿದಾಗ ನಾನು ನಕ್ಕೆ. ಅದು ರಜಾಕನ ದಿನಪಡಿಯೇ. ವಿದ್ಯಾರ್ಥಿ ವೀಸಾಕ್ಕೆ ಅಲ್ಲಿನ ತಡೆಖಾತೆಯೊಂದರಲ್ಲಿ ಒಂದು ವರ್ಷಕ್ಕೆ 11,904 ಯೂರೊ ಮುಂಚಿತವಾಗಿ ಕಟ್ಟಬೇಕು. ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬಿಡುತ್ತಾರೆ. ಹಣ ಇವನದೇ, ಪಡಿ ಅಳೆಯುವವರು ಅವರು. ಅಲ್ಲಿ ವಿಳಾಸ ನೋಂದಣಿ, ಬ್ಯಾಂಕ್ ಖಾತೆ ಎಲ್ಲ ಮುಗಿದು ಮೊದಲ ಕಂತು ಬರುವಷ್ಟರಲ್ಲಿ ಕೆಲವು ವಾರ ಹಿಡಿಯುವುದುಂಟು. ಆ ವಾರಗಳಿಗೆ ಏನು? ಗುಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ನಾವು ಮೂವರೂ ಲೆಕ್ಕ ಹಾಕಿದ್ದು ಅದನ್ನೇ. ವಿದೇಶಿ ನೋಟುಗಳನ್ನು ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ಒಯ್ಯಬಹುದು, ಆದರೆ ಅಷ್ಟೊಂದು ನೋಟು ಒಯ್ಯುವುದು ಬೇಡ. ಬ್ಯಾಂಕಿನ ಫಾರೆಕ್ಸ್ ಕಾರ್ಡಿನಲ್ಲಿ ಮುಖ್ಯ ಪಾಲು. ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡು, ಅದು ಬೇರೆಯೇ ಚೀಲದಲ್ಲಿ. ಎರಡು ವಾರದ ಊಟ, ಬಸ್ಸಿಗೆ ಸಾಕಾಗುವಷ್ಟು ಸಣ್ಣ ಮುಖಬೆಲೆಯ ಯೂರೊ ನೋಟುಗಳು, ಎರಡು ಕಡೆ ಹಂಚಿ. ರೂಪಾಯಿ 25,000ದೊಳಗೆ, ಅದೂ ಹಿಂದಿರುಗುವ ದಿನದ ಟ್ಯಾಕ್ಸಿಗೆಂದು ಸ್ವಲ್ಪ. ಕಾರ್ಡು ಕಳೆದರೆ ತಡೆಹಿಡಿಯಲು ಕರೆ ಮಾಡುವ ಸಂಖ್ಯೆಯನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದು ಒಂದು ಪ್ರತಿ ತಾಯಿಯ ಬಳಿ. ಫೋನೇ ಹೋದರೆ? ನಮ್ಮ ಪೂರ್ವಿಕರ ಪೇಠ, ಪರಪೇಠ ನನಗೆ ನೆನಪಾದದ್ದು ಆಗಲೇ.

ಅಷ್ಟರಲ್ಲಿ ತಾಯಿ ಉಡಿಯಿಂದ ಅರಿಸಿನ ಬಟ್ಟೆಯ ಗಂಟೊಂದನ್ನು ತೆಗೆದರು. ಮಗನ ಹೆಸರಿನ ಮುಡಿಪು, ಹನ್ನೊಂದು ರೂಪಾಯಿ. ಅದನ್ನು ಅವನ ಕೈಚೀಲದಲ್ಲಿ ಇಡಲು ಹೊರಟಾಗ ಹುಡುಗ ತಡೆದ. “ಯವ್ವಾ, ಅಲ್ಲಿ ಇದು ನಡ್ಯಂಗಿಲ್ಲ.” ತಾಯಿ ಅವನನ್ನು ನೋಡಿದರು. “ನಡ್ಸಾಕ ಯಾರ್ ಕೊಟ್ಟಾರ? ಇದು ನೀ ತಿರಗಿ ಬಂದಾಗ ಅಮ್ಮಗ ಹಾಕೂದು. ಅಲ್ಲೀತನಕಾ ನಿನ್ ಕಡಿನ ಇರ್ಲಿ.”

ಅವನು ಹೋದ ಮೂರನೆಯ ವಾರ ನನಗೆ ಒಂದು ಸಂದೇಶ ಬಂತು. ಇಳಿದ ನಾಲ್ಕನೆಯ ದಿನವೇ ಹಣ ತೆಗೆಯುವ ಯಂತ್ರವೊಂದು ಅವನ ಕಾರ್ಡನ್ನು ನುಂಗಿತ್ತು. ಭಾನುವಾರ, ಬ್ಯಾಂಕು ಅಂಗಡಿ ಎಲ್ಲ ಮುಚ್ಚಿದ್ದವು. ಎರಡನೆಯ ಕಾರ್ಡು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಇನ್ನೂ ಗೆಳೆಯನ ಕೋಣೆಯಲ್ಲಿ. ಒಳಕಿಸೆಯಲ್ಲಿದ್ದ ಇಪ್ಪತ್ತು ಯೂರೊ ನೋಟಿನಿಂದ ರೈಲುನಿಲ್ದಾಣದ ಬೇಕರಿಯಲ್ಲಿ ಬ್ರೆಡ್ಡು ಕೊಂಡನಂತೆ. ಅದನ್ನು ತೆಗೆಯುವಾಗ ಮುಡಿಪಿನ ಗಂಟೂ ಜೊತೆಗೇ ಕೈಗೆ ಬಂತು. ಬೇಕರಿಯ ಹೆಂಗಸು ಅದೇನೆಂದು ಕೇಳಿದಳು. ಹೇಗೆ ಹೇಳಬೇಕೆಂದು ತೋಚದೆ, ಮನೆಗೆ ಹಿಂದಿರುಗುವ ಟಿಕೆಟ್ಟು ಎಂದೆ ಸರ್, ಎಂದು ಬರೆದಿದ್ದ. ತಡೆಖಾತೆಯ ಮೊದಲ ಕಂತು ಆಗ ಇನ್ನೂ ಬಂದಿರಲಿಲ್ಲ.